ಮರಳು

ರೀಗಾದಲ್ಲಿ ಜನವರಿ. ಸೊನ್ನೆಗಿಂತ ಹದಿನಾಲ್ಕು ಕೆಳಗೆ.
ಟ್ರಾಮಿನ ಚಾಲಕಿ ಜಿಂತ್ರಾ
ಪಕ್ಕದ ಕಿಟಕಿ ಸರಿಸಿ, ಕೋಟಿನ ಮೂರು ಗುಂಡಿ ಬಿಚ್ಚಿ
ಕತ್ತನ್ನು ಗಾಳಿಗೆ ಕೊಟ್ಟು ಕೂತಿದ್ದಾಳೆ.
ಮುಂದಿನ ಸೀಟಿನ ಅಜ್ಜಿ ಗಾಜು ಬಡಿದು ಗದರುತ್ತಾಳೆ:
ಮುಚ್ಚೇ ಮಾರಾಯ್ತಿ, ಸಾಯ್ತೀಯ.
ಒಡಲಲ್ಲಿ ಒಲೆ ಹೊತ್ತಿದವಳಿಗೆ
ಹಿಮದ ಭಯ ಹೇಳಿದರೆ ನಗು ಬಂದೀತಲ್ಲದೆ ಇನ್ನೇನು.

ಎರಡು ನಿಮಿಷ. ಹೋಯಿತು.
ಈಗ ನಡುಕ. ಗುಂಡಿ ಹಾಕಬೇಕು, ಬ್ರೇಕೂ ಹಾಕಬೇಕು.

ನಲವತ್ತೊಂಬತ್ತು.
ನವೆಂಬರಿನಲ್ಲಿ ಮುಟ್ಟು ಎರಡು ಸಲ ಬಂತು, ಡಿಸೆಂಬರಿನಲ್ಲಿ ಇಲ್ಲವೇ ಇಲ್ಲ,
ಹೇಳದೆ ಕೇಳದೆ ಬಂದು ಹೋಗುವ ನಾದಿನಿಯ ಹಾಗೆ.
ರಾತ್ರಿ ಮೂರಕ್ಕೆ ಎಚ್ಚರ:
ಡಿಪೋದಲ್ಲಿ ಬಾಗಿಲು ಹಾಕಿದೆನೆ?
ಆ ತಿರುವಿನಲ್ಲಿ ಕೆಂಪು ಟೋಪಿಯ ಹುಡುಗ ಹಳಿ ದಾಟಿದನಲ್ಲ,
ನಿಜವಾಗಿ ದಾಟಿದನೆ?
ಎದೆಯೊಳಗೆ ಯಾರೋ ಗಂಟೆ ಬಡಿಯುತ್ತಾರೆ,
ಇಳಿಯುವವರು ಯಾರೂ ಇಲ್ಲ.

ಪಕ್ಕದಲ್ಲಿ ವಿಲ್ನಿಸ್. ಲಿಫ್ಟು ರಿಪೇರಿಯವನು.
ಇಪ್ಪತ್ತಾರು ವರ್ಷದ ಗೊರಕೆ, ಗ್ರೀಸಿನ ವಾಸನೆ, ಒಳ್ಳೆಯ ಬೆನ್ನು.
ಆ ಬೆನ್ನಿಗೆ ಅವಳು ಆಗಸ್ಟಿನಿಂದ ಸುಳ್ಳು ಹೇಳುತ್ತಿದ್ದಾಳೆ:
ತಲೆನೋವು. ಬೆಳಗಿನ ಪಾಳಿ.
ಮೇಲಿನ ಮನೆಯವರು ಇನ್ನೂ ಎದ್ದಿದ್ದಾರೆ.
ಪಾತ್ರೆಯನ್ನು ಎರಡೆರಡು ಸಲ ತೊಳೆಯುತ್ತಾಳೆ
ಅವನು ನಿದ್ದೆ ಹೋಗಲಿ ಎಂದು;
ಹೋದ ಮೇಲೆ,
ಹೋಗಿಬಿಟ್ಟನಲ್ಲ ಎಂದು ಅಳುತ್ತಾಳೆ.

ಬೇಡವೆಂದಲ್ಲ.
ಕಳೆದ ಸಲ ನೋಯಿತು, ಒಣ ಹಲಗೆಗೆ ಹಲಗೆ ತಿಕ್ಕಿದಂತೆ.
ಹಲ್ಲು ಕಚ್ಚಿ ಚಾವಣಿಯ ಬಿರುಕು ಎಣಿಸಿದಳು,
ಅವನಿಗೆ ಗೊತ್ತಾಗದಿರಲೆಂದು ಒಂದು ಸದ್ದೂ ಮಾಡಿದಳು,
ಹಳೆಯ ಸದ್ದು.
ಅಂದಿನಿಂದ ನೋವಿಗಿಂತ ಮುಂಚೆ ನೋವಿನ ಭಯ
ಹಾಸಿಗೆಗೆ ಬಂದು ಜಾಗ ಹಿಡಿಯುತ್ತದೆ.

ಡಾಕ್ಟರು ಮೂವತ್ತರ ಹುಡುಗಿ, ಕೈಯಲ್ಲಿ ಪ್ರಶ್ನೆಗಳ ಹಾಳೆ.
ತಿಂಗಳಿಗೆ ಎಷ್ಟು ಸಲ?
ಆತಂಕ: ಸ್ವಲ್ಪವೆ, ಸಾಧಾರಣವೆ, ತೀವ್ರವೆ?
ಕಳೆದ ಗುರುವಾರ ಟ್ರಾಮಿನ ಕನ್ನಡಿಯಲ್ಲಿ
ಯಾರೋ ಅಪರಿಚಿತನ ಮಣಿಕಟ್ಟು ಕಂಡು
ಮೂರು ಸ್ಟಾಪು ಮೈಯೆಲ್ಲ ಜುಮ್ಮೆಂದದ್ದನ್ನು
ಯಾವ ಚೌಕದಲ್ಲಿ ಗುರುತು ಹಾಕುವುದು?
ಹುಡುಗಿ ಒಂದು ಮುಲಾಮು ಬರೆದುಕೊಟ್ಟಳು. ಒಳ್ಳೆಯದೇ.
ಚೀಟಿ ಇನ್ನೂ ಕೋಟಿನ ಜೇಬಿನಲ್ಲಿದೆ,
ಕೈಗವಸಿನಡಿ ಮೆತ್ತಗಾಗಿ.

ಈ ರಾತ್ರಿ ಕೊನೆಯ ಸರದಿ. ಹಳಿಯ ಮೇಲೆ ಗಾಜಿನಂಥ ಮಂಜು.
ಸೇತುವೆಯ ಏರಿನಲ್ಲಿ ಗಾಲಿ ನಿಂತಲ್ಲೇ ಸುತ್ತಿತು.
ಅವಳು ಹೆದರಲಿಲ್ಲ. ಇದು ಗೊತ್ತಿರುವ ಕೆಲಸ:
ಪೆಡಲು ಒತ್ತಿದರೆ ಸೀಟಿನಡಿಯ ಪೆಟ್ಟಿಗೆಯಿಂದ
ಒಣ ಮರಳು ಹಳಿಗೆ ಉದುರುತ್ತದೆ, ಒಂದು ಹಿಡಿ.
ಕಬ್ಬಿಣ ಕಬ್ಬಿಣವನ್ನು ಹಿಡಿಯುತ್ತದೆ.
ಅವಸರ ಮಾಡಬಾರದು, ಅಷ್ಟೆ.

ಪೈನ್ ಮರಗಳ ನಡುವೆ ಹಳಿ ಸುತ್ತು ಹಾಕುವ ಜಾಗ. ಎಲ್ಲ ಇಳಿದರು.
ಒಬ್ಬ ಉಳಿದ. ಮಡಿಲಲ್ಲಿ ಪಾನಾ ಚೀಲ.
ಇಳಿಯಬೇಕಾದ ಕಡೆ ಇಳಿಯದೆ ಬಂದಿದ್ದಾನೆ ವಿಲ್ನಿಸ್.

ನನಗೆ ನೋಯುತ್ತದೆ, ಅಂದಳು, ಸ್ಟೀರು ನೋಡುವವಳ ಹಾಗೆ ಮುಂದೆ ನೋಡುತ್ತ.
ಹೆದರಿಕೆಯೂ ಆಗುತ್ತದೆ. ಬೇಕು ಅಂತಲೂ ಅನಿಸುತ್ತದೆ.
ಒಂದೇ ಹೊತ್ತಿಗೆ ಅಲ್ಲ.

ಕೆಟ್ಟ ಲಿಫ್ಟಿನೆದುರು ನಿಲ್ಲುವಂತೆ ನಿಂತ ಅವನು,
ಮೊದಲು ಕಿವಿಗೊಟ್ಟು.
ಆಮೇಲೆ: ಎರಡನೇ ಸಲ ಪಾತ್ರೆ ತೊಳೆಯುವುದು ಕೇಳಿಸುತ್ತದೆ, ಜಿಂತ್ರಾ.
ನಿನಗೆ ಸಲೀಸಾಗಲೆಂದು ಗೊರಕೆ ಹೊಡೆಯುತ್ತೇನೆ.

ನಕ್ಕಳೋ, ಇನ್ನೇನೋ. ಅಷ್ಟರಲ್ಲಿ ಒಲೆ ಮತ್ತೆ ಹೊತ್ತಿತು
ಎದೆಯಿಂದ ಕಿವಿಯ ತುದಿವರೆಗೆ.
ಕಿಟಕಿ ಸರಿಸಲಿಲ್ಲ ಈ ಸಲ. ಗುಂಡಿ ಬಿಚ್ಚಿದಳು.
ಮುಟ್ಟು, ಅಂದಳು. ಕತ್ತು. ಬರೀ ಕತ್ತು.

ಅವನ ಅಂಗೈ ಹಿಮದಷ್ಟು ತಣ್ಣಗಿತ್ತು.
ವೇಳಾಪಟ್ಟಿಯಂತೆ ಟ್ರಾಮು ಮರಳಲು
ಇನ್ನೂ ನಾಲ್ಕು ನಿಮಿಷ.